ಬೇಬಿ ಸಿಟ್ಟಿಂಗ್ ಮುಚ್ಚಿದ್ದಕ್ಕೂ ಬಜೆಟ್‌ಗೂ ಏನು ಸಂಬಂಧ?

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೇನೆ. ಕೈಗೆ 13 ಸಾವಿರ ಸಿಗುತ್ತದೆ. ಗಂಡ ಬಿಟ್ಟು ಹೋಗಿ ನಾಲ್ಕು ವರ್ಷವಾಯಿತು, ಡೈವೋರ್ಸ್ ಆಗಿಲ್ಲ. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ ಇದ್ದಾರೆ. ನಮ್ಮ ಏರಿಯಾದಲ್ಲಿ ಒಂದು ಸಂಸ್ಥೆಯವರು ಬೇಬಿ ಸಿಟ್ಟಿಂಗ್ ನಡೆಸುತ್ತಿದ್ದರು. ಮಗನನ್ನು ಅಲ್ಲಿ ಬಿಡುತ್ತಿದ್ದೆ, ತಿಂಗಳಿಗೆ 200 ರೂಪಾಯಿ. ಸರ್ಕಾರದಿಂದ ದುಡ್ಡು ಬರುತ್ತಿಲ್ಲ ಅಂತ ಅದನ್ನು ಮುಚ್ಚಿದರು. ಈಗ ಪಕ್ಕದ ಮನೆಯವರಿಗೆ 2,500 ಕೊಡುತ್ತೇನೆ. ಅವರು ಊರಿಗೆ ಹೋದರೆ ಮಗಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ, ಇಲ್ಲದಿದ್ದರೆ ನಾನೇ ಲೀವ್ ಹಾಕುತ್ತೇನೆ. ತಿಂಗಳಿಗೆ ಮೂರು ಲೀವ್ ಆಗೇ ಆಗುತ್ತದೆ, 400 ರೂಪಾಯಿ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಟಿವಿಯಲ್ಲಿ ನೋಡಿದರೆ ಮಹಿಳೆಯರಿಗೆ ಸಾವಿರಾರು ಕೋಟಿ ಅಂತಾರೆ. ನನಗೆ ಗೃಹಲಕ್ಷ್ಮಿ ಕೂಡ ಬರುತ್ತಿಲ್ಲ, ನನ್ನ ಹೆಸರು ಇನ್ನೂ ಊರಲ್ಲಿ ಅತ್ತೆಯ ರೇಷನ್ ಕಾರ್ಡಿನಲ್ಲೇ ಇದೆ. ನಮ್ಮಂಥವರ ದುಡ್ಡು ಎಲ್ಲಿ ಕಟ್ ಆಗುತ್ತದೆ? ನನಗೆ ಏನಾದರೂ ಸಿಗುತ್ತದಾ?

ಉತ್ತರ: ಸರ್ಕಾರದ ಲೆಕ್ಕ ಆಮೇಲೆ ನೋಡೋಣ, ಮೊದಲು ನಿಮ್ಮದು. 13 ಸಾವಿರವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 500. ಮೂರು ಲೀವ್ ಅಂದರೆ 1,500. ಬೋನಸ್ 400. ಪಕ್ಕದ ಮನೆಯವರಿಗೆ 2,500. ಒಟ್ಟು 4,400. ಮೊದಲು ಇದೇ ಕೆಲಸ 200 ರೂಪಾಯಿಗೆ ಆಗುತ್ತಿತ್ತು. ಅಂದರೆ ತಿಂಗಳಿಗೆ 4,200 ರೂಪಾಯಿ ಹೆಚ್ಚಿಗೆ ಹೋಗುತ್ತಿದೆ, ಸಂಬಳದ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಫ್ಯಾಕ್ಟರಿಯವರು ನಿಮ್ಮ ಸಂಬಳಕ್ಕೆ ಕೈ ಹಾಕಿಲ್ಲ. ಯಾವ ಮಂತ್ರಿಯೂ ಭಾಷಣದಲ್ಲಿ ‘ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಂದ ತಿಂಗಳಿಗೆ 4,200 ವಸೂಲಿ ಮಾಡುತ್ತೇವೆ’ ಅಂದಿಲ್ಲ. ಆದರೂ ದುಡ್ಡು ಹೋಯಿತು, ಮಗಳ ಶಾಲೆಯ ದಿನಗಳೂ ಅದರ ಜೊತೆ ಹೋದವು.

ನಾನು ಇಪ್ಪತ್ತು ವರ್ಷದಿಂದ ಬಜೆಟ್ ಪುಸ್ತಕಗಳನ್ನು ಓದುತ್ತಿದ್ದೇನೆ. ಅದರಲ್ಲಿ ‘ಕಡಿತ’ ಅನ್ನುವ ಕಾಲಂ ಹುಡುಕಿದರೆ ಸಿಗುವುದಿಲ್ಲ. ಕಡಿತ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಒಂದು ಮೊತ್ತವನ್ನು ವರ್ಷಗಟ್ಟಲೆ ಏರಿಸದೆ ಹಾಗೇ ಬಿಡುತ್ತಾರೆ. ಇಲ್ಲವೇ ‘ಇನ್ನು ಇಷ್ಟು ಪಾಲು ನಿಮ್ಮದು’ ಅಂತ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ಮಂಜೂರಾದ ಹಣವನ್ನು ಎಂಟು ತಿಂಗಳು ತಡ ಮಾಡಿ ಬಿಡುಗಡೆ ಮಾಡುತ್ತಾರೆ. ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತಾರೆ. ನಿಮ್ಮ ಒಂದೇ ಪತ್ರದಲ್ಲಿ ಇವುಗಳಲ್ಲಿ ಮೂರಾದರೂ ಇವೆ.

ಬೇಬಿ ಸಿಟ್ಟಿಂಗ್‌ನಿಂದ ಶುರು ಮಾಡುತ್ತೇನೆ. ನಿಮ್ಮ ಕೇಂದ್ರ ಯಾವ ಯೋಜನೆಯಲ್ಲಿತ್ತು ಅಂತ ನೀವು ಬರೆದಿಲ್ಲ. ಆದರೆ ಸಂಸ್ಥೆ ನಡೆಸುತ್ತಿತ್ತು, ಫೀಸು 200 ಅಂದ ಮೇಲೆ ಅದು ದುಡಿಯುವ ತಾಯಂದಿರ ಮಕ್ಕಳಿಗಾಗಿ ಇದ್ದ ರಾಷ್ಟ್ರೀಯ ಕ್ರೆಶ್ (ಶಿಶುಪಾಲನಾ ಕೇಂದ್ರ) ಯೋಜನೆಯದೇ ಇರಬೇಕು. ಅದರ ನಿಯಮದಲ್ಲಿ ಬಿಪಿಎಲ್ ಮನೆಯವರಿಗೆ ತಿಂಗಳಿಗೆ 20 ರೂಪಾಯಿ, ಮನೆಯ ಆದಾಯ 12 ಸಾವಿರದವರೆಗೆ ಇದ್ದರೆ 100, ಅದಕ್ಕಿಂತ ಜಾಸ್ತಿ ಇದ್ದರೆ 200 ಅಂತಿತ್ತು. 2006ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಶುರುವಾದ ಯೋಜನೆ. ಅದಕ್ಕೂ ಮುಂಚೆ ಎಪ್ಪತ್ತರ ದಶಕದಿಂದ ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತಿತ್ತು. ಮೊದಮೊದಲು ಹಣದ ಬಹುಪಾಲು ದೆಹಲಿಯಿಂದಲೇ ಬರುತ್ತಿತ್ತು. 2017ರ ಜನವರಿಯಿಂದ ಪಾಲು ಬದಲಾಯಿತು. ಕೇಂದ್ರ 60, ರಾಜ್ಯ 30, ನಡೆಸುವ ಸಂಸ್ಥೆ 10.

ಕಾಗದದ ಮೇಲೆ ನೋಡಿದರೆ ಇದು ಕಡಿತವೇ ಅಲ್ಲ, ಬರೀ ಹಂಚಿಕೆ. ನಡೆದದ್ದು ಬೇರೆ. ರಾಜ್ಯದ 30 ಬರುವವರೆಗೆ ಕೇಂದ್ರದ 60 ಬರುವುದಿಲ್ಲ. ಕೇಂದ್ರದ್ದು ಬಂತೋ ಇಲ್ಲವೋ ಅಂತ ರಾಜ್ಯ ಕಾಯುತ್ತದೆ. ನಡುವೆ ಸಣ್ಣ ಸಂಸ್ಥೆ ಕೈಯಿಂದ ಹಾಕಿ ನಡೆಸಬೇಕು. 2014-15ರ ಸುಮಾರಿಗೆ ದೇಶದಲ್ಲಿ ಇಂಥ ಕೇಂದ್ರಗಳು 23 ಸಾವಿರಕ್ಕೂ ಜಾಸ್ತಿ ಇದ್ದವು. 2020ರ ಹೊತ್ತಿಗೆ ಉಳಿದದ್ದು 6,500ರ ಆಸುಪಾಸು. ನಾಲ್ಕರಲ್ಲಿ ಮೂರು ಹತ್ತಿರ ಹತ್ತಿರ ಕಣ್ಮರೆಯಾದವು. ಪ್ರತಿ ಕೇಂದ್ರದಲ್ಲಿ 25 ಮಕ್ಕಳು ಅಂತ ಹಿಡಿದರೆ ಎಷ್ಟು ತಾಯಂದಿರು ಅಂತ ನೀವೇ ಗುಣಿಸಿ.

ಆ ಕಾಲದಲ್ಲಿ ನಾನು ನೋಡಿದ ಒಂದು ಕೇಂದ್ರ ಈಗಲೂ ಕಣ್ಣ ಮುಂದಿದೆ. ಹತ್ತಡಿ ಅಗಲದ ಶೀಟಿನ ರೂಮು. ಪ್ಲಾಸ್ಟಿಕ್ ಚಾಪೆ, ಸೂರಿನ ಕೊಕ್ಕೆಗೆ ಕಟ್ಟಿದ ಎರಡು ಸೀರೆ ಜೋಲಿ, ಗೋಡೆಗೆ ಅಕ್ಷರಮಾಲೆಯ ಚಾರ್ಟು. ಬಾಗಿಲ ಹತ್ತಿರ ಬೆರಳುದ್ದದ ಚಪ್ಪಲಿಗಳ ಸಾಲು. ನೋಡಿಕೊಳ್ಳುತ್ತಿದ್ದವರು ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳು, ಅವರಿಗೂ ಇಬ್ಬರು ಮಕ್ಕಳು. ಆರು ತಿಂಗಳಿಂದ ಗೌರವಧನ ಬಂದಿರಲಿಲ್ಲ. ಕಿವಿಯ ಓಲೆ ಅಡ ಇಟ್ಟು ಹಾಲು ತರಿಸುತ್ತಿದ್ದರು. ಮುಚ್ಚಿಬಿಡಬಹುದಲ್ಲ ಅಂದೆ. ‘ನಾನು ಇವತ್ತು ಬೀಗ ಹಾಕಿದರೆ ಇವರಮ್ಮಂದಿರು ನಾಳೆ ಡ್ಯೂಟಿಗೆ ಹೋಗೋದು ಹೆಂಗೆ ಮೇಡಂ’ ಅಂದರು. ಮುಂದಿನ ವರ್ಷ ಹೋದಾಗ ಆ ರೂಮಿನಲ್ಲಿ ಗುಜರಿ ಸಾಮಾನು ತುಂಬಿದ್ದರು. ಚಾರ್ಟು ಮಾತ್ರ ಗೋಡೆಯಲ್ಲೇ ಇತ್ತು.

ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಕಡಿತದ ಎರಡೂ ತುದಿಯಲ್ಲಿ ಒಂಟಿ ತಾಯಂದಿರೇ ಇರುತ್ತಾರೆ. ಮಗು ಬಿಡುವವಳೂ ಅವಳೇ, ಮಗು ನೋಡುವವಳೂ ಅವಳೇ. ಅಂಗನವಾಡಿ ನೇಮಕದಲ್ಲಿ ವಿಧವೆಯರಿಗೆ ಆದ್ಯತೆ ಇದೆ, ಹಾಗಾಗಿ ಅಲ್ಲಿಯೂ ಇಂಥವರು ಬಹಳ. ಅವರ ಗೌರವಧನದಲ್ಲಿ ಕೇಂದ್ರದ ಲೆಕ್ಕ 2018ರ ಅಕ್ಟೋಬರ್‌ನಲ್ಲಿ 4,500ಕ್ಕೆ ಏರಿದ್ದು, ಅಲ್ಲಿಗೇ ನಿಂತಿತು. ಮೇಲಿನದ್ದನ್ನು ನಮ್ಮ ರಾಜ್ಯ ಸೇರಿಸಿ ಕೊಡುತ್ತಿದೆ. ಫ್ರೀಡಂ ಪಾರ್ಕಿನಲ್ಲಿ ಅವರು ಹಗಲು ರಾತ್ರಿ ಕೂತಾಗ ಟ್ರಾಫಿಕ್ ಜಾಮ್ ಅಂತ ಬೈದುಕೊಂಡವರಲ್ಲಿ ನಾವೂ ಇದ್ದೇವೆ, ಅಲ್ವಾ?

ಅಂಗನವಾಡಿ ಅಂದಾಗ 2015 ನೆನಪಾಗುತ್ತದೆ. ಆ ವರ್ಷ, ಕೇಂದ್ರ ರಾಜ್ಯಗಳ ನಡುವೆ ತೆರಿಗೆ ಹಂಚಿಕೆ ಹೇಗಿರಬೇಕು ಅಂತ ಹೇಳುವ 14ನೇ ಹಣಕಾಸು ಆಯೋಗದ ಮಾತಿನಂತೆ ರಾಜ್ಯಗಳಿಗೆ ಹೋಗುವ ತೆರಿಗೆ ಪಾಲು 32ರಿಂದ 42 ಪರ್ಸೆಂಟಿಗೆ ಏರಿತು. ‘ಈಗ ನಿಮ್ಮ ಹತ್ತಿರ ಹಣ ಇದೆಯಲ್ಲ, ನೀವೇ ಖರ್ಚು ಮಾಡಿ’ ಅಂದ ಕೇಂದ್ರ, ಅಂಗನವಾಡಿ ಯೋಜನೆಗೆ ಹಿಂದಿನ ವರ್ಷ ಇಟ್ಟಿದ್ದ 18 ಸಾವಿರ ಕೋಟಿ ಚಿಲ್ಲರೆಯನ್ನು 8 ಸಾವಿರ ಕೋಟಿ ಚಿಲ್ಲರೆಗೆ ಇಳಿಸಿತು. ಆಗಿನ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಮೇನಕಾ ಗಾಂಧಿ ಅವರೇ ಬಹಿರಂಗವಾಗಿ ಆಕ್ಷೇಪ ಎತ್ತಿದರು. ಗಲಾಟೆಯಾದ ಮೇಲೆ ಪೂರಕ ಅಂದಾಜಿನಲ್ಲಿ ಒಂದಷ್ಟು ವಾಪಸ್ ಬಂತು. ಆದರೆ ವರ್ಷದ ನಡುವೆ ಹಣ ಬಂದರೆ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತು. ಸಂಬಳ ಹತ್ತನೇ ತಾರೀಖಿನ ಬದಲು ಇಪ್ಪತ್ತೈದಕ್ಕೆ ಬಂದರೆ ಬಾಡಿಗೆಯವರು ಕಾಯುತ್ತಾರಾ?

ಕರ್ನಾಟಕದ ಮಟ್ಟಿಗೆ ಇನ್ನೊಂದು ಪೆಟ್ಟು ಬಿತ್ತು. ತೆರಿಗೆ ಹಂಚಿಕೆಯಲ್ಲಿ 14ನೇ ಆಯೋಗ ನಮಗೆ ಕೊಟ್ಟ ಪಾಲು 4.713 ಪರ್ಸೆಂಟ್. 15ನೇ ಆಯೋಗದಲ್ಲಿ ಅದು 3.647ಕ್ಕೆ ಇಳಿಯಿತು. 2024ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ದೆಹಲಿಯ ಜಂತರ್ ಮಂತರ್‌ಗೆ ಹೋಗಿ ಕೂತದ್ದು ಇದೇ ಜಗಳಕ್ಕೆ. ಯಾರದ್ದು ಸರಿ ಅನ್ನುವ ಚರ್ಚೆ ಮಾಡುವವರು ಮಾಡಲಿ. ನನ್ನ ಅನುಭವ ಇಷ್ಟು: ಕೇಂದ್ರ ರಾಜ್ಯದ ಕಡೆ ಬೊಟ್ಟು ಮಾಡಿ, ರಾಜ್ಯ ಕೇಂದ್ರದ ಕಡೆ ಬೊಟ್ಟು ಮಾಡಿ ನಿಂತಾಗ ಮೊದಲು ಬೀಗ ಬೀಳುವುದು ಇಂಥ ಸಣ್ಣ ರೂಮುಗಳಿಗೆ. ಮೇಲುಸೇತುವೆ ಅರ್ಧಕ್ಕೆ ನಿಂತರೆ ದಿನಾ ಸಾವಿರ ಜನರ ಕಣ್ಣಿಗೆ ಬೀಳುತ್ತದೆ. ಬೇಬಿ ಸಿಟ್ಟಿಂಗ್ ನಿಂತರೆ 25 ಮನೆಗಳಿಗೆ ಗೊತ್ತಾಗುತ್ತದೆ, ಅಷ್ಟೇ.

ಒಂಟಿಯಾಗಿ ಮನೆ ನಡೆಸುವವರಿಗೆ ಇದು ಯಾಕೆ ಅಷ್ಟು ಜೋರಾಗಿ ತಾಗುತ್ತದೆ ಅಂತಲೂ ಹೇಳಬೇಕು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಅಂಗನವಾಡಿ ಒಂದು ದಿನ ರಜೆ ಅಂದರೆ ಒಬ್ಬರು ತಡವಾಗಿ ಹೋಗುತ್ತಾರೆ, ಇನ್ನೊಬ್ಬರು ಬೇಗ ಬರುತ್ತಾರೆ, ಇಲ್ಲ ಅಜ್ಜಿಯನ್ನು ಕರೆಸುತ್ತಾರೆ. ನಿಮ್ಮ ಮನೆಯಲ್ಲಿ ಆ ಇನ್ನೊಬ್ಬರು ಇಲ್ಲ. ಅಂಗನವಾಡಿ ನಾಲ್ಕಕ್ಕೆ ಮುಚ್ಚಿದರೆ, ನಿಮ್ಮ ಲೈನ್ ಐದೂವರೆಗೆ ಬಿಟ್ಟರೆ, ಬಸ್ ಹಿಡಿದು ಮನೆ ಮುಟ್ಟುವಾಗ ಆರೂವರೆಯಾದರೆ, ಆ ಎರಡೂವರೆ ಗಂಟೆಯನ್ನು ಯಾರಾದರೂ ತುಂಬಲೇಬೇಕು. ಸರ್ಕಾರ ತುಂಬದಿದ್ದರೆ ನಿಮ್ಮ ಒಂಬತ್ತು ವರ್ಷದ ಮಗಳು ತುಂಬುತ್ತಾಳೆ. ಸರ್ಕಾರ ತನ್ನ ಪುಸ್ತಕದಲ್ಲಿ ‘ಉಳಿತಾಯ’ ಅಂತ ಬರೆದುಕೊಂಡದ್ದು ಅವಳ ಹಾಜರಿ ಪುಸ್ತಕದಲ್ಲಿ ‘ಗೈರು’ ಆಗಿ ಕೂರುತ್ತದೆ.

ಇಂಥ ಮನೆಗಳು ಕಡಿಮೆಯೇನಲ್ಲ. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2019ರ ವರದಿಯ ಪ್ರಕಾರ ಭಾರತದಲ್ಲಿ ತಾಯಿ ಒಬ್ಬಳೇ ನಡೆಸುವ ಮನೆಗಳು 4.5 ಪರ್ಸೆಂಟ್, ಸುಮಾರು 1.3 ಕೋಟಿ. ತವರಲ್ಲೋ ಅಣ್ಣನ ಮನೆಯಲ್ಲೋ ಇರುವ ಒಂಟಿ ತಾಯಂದಿರು ಇನ್ನೂ 3.2 ಕೋಟಿ. ಒಬ್ಬಳೇ ನಡೆಸುವ ಮನೆಗಳಲ್ಲಿ 38 ಪರ್ಸೆಂಟ್ ಬಡತನದಲ್ಲಿವೆ, ತಂದೆ ತಾಯಿ ಇಬ್ಬರೂ ಇರುವ ಮನೆಗಳಲ್ಲಿ ಇದು 22.6.

ಈಗ ನಿಮ್ಮ ಎರಡನೇ ಪ್ರಶ್ನೆ, ಏನಾದರೂ ಸಿಗುತ್ತದಾ ಅನ್ನುವುದು. ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕಾಗುತ್ತದೆ. ನೀವು ಗೆರೆಯ ತಪ್ಪು ಬದಿಯಲ್ಲಿದ್ದೀರಿ, ಅದೂ ದುಡಿಯುತ್ತಿರುವ ಕಾರಣಕ್ಕೆ.

ಮಿಷನ್ ವಾತ್ಸಲ್ಯ ಅಂತ ಒಂದು ಯೋಜನೆ ಇದೆ. ತಾಯಿ ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಬಿಟ್ಟವಳಾಗಿದ್ದರೆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗಬಹುದು. ಕೇಳಿದರೆ ನಿಮಗೇ ಹೇಳಿ ಮಾಡಿಸಿದ ಹಾಗಿದೆ. ಆದರೆ ನಗರದಲ್ಲಿ ವರ್ಷದ ಆದಾಯ 96 ಸಾವಿರ ಮೀರಬಾರದು, ಹಳ್ಳಿಯಲ್ಲಿ 72 ಸಾವಿರ. ಅಂದರೆ ನಗರದಲ್ಲಿ ತಿಂಗಳಿಗೆ 8 ಸಾವಿರ. ನಿಮ್ಮದು ವರ್ಷಕ್ಕೆ 1.56 ಲಕ್ಷ. ಬಿಪಿಎಲ್ ಕಾರ್ಡಿಗೆ ನಮ್ಮ ರಾಜ್ಯದಲ್ಲಿ ಗೆರೆ 1.20 ಲಕ್ಷ, ಅಲ್ಲಿಯೂ ನೀವು ಆಚೆ. ವಿಧವಾ ವೇತನಕ್ಕೆ ಆದಾಯದ ಮಿತಿ ವರ್ಷಕ್ಕೆ 32 ಸಾವಿರ, ಮೇಲಾಗಿ ನೀವು ವಿಧವೆ ಅಲ್ಲ. ಮನಸ್ವಿನಿ ಯೋಜನೆ ಮದುವೆಯಾಗದವರಿಗೆ ಮತ್ತು ವಿಚ್ಛೇದಿತರಿಗೆ, ವಯಸ್ಸು 40ರಿಂದ 64. ನಿಮಗೆ 31, ಡೈವೋರ್ಸ್ ಕಾಗದವೂ ಇಲ್ಲ. ಗಂಡ ಬಿಟ್ಟು ಹೋದ, ಕೋರ್ಟಿಗೆ ಹೋಗದ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ 31ರ ಹೆಣ್ಣುಮಗಳಿಗೆ ಅಂತ ನಮ್ಮ ಬಜೆಟ್‌ನಲ್ಲಿ ಒಂದು ಸಾಲೂ ಇಲ್ಲ. ನಿಮ್ಮ ಫ್ಲೋರಿನಲ್ಲಿ ಒಮ್ಮೆ ತಲೆ ಎಣಿಸಿ ನೋಡಿ, ನಿಮ್ಮಂಥವರು ಎಷ್ಟು ಜನ ಇದ್ದಾರೆ ಅಂತ.

ಈ ಗೆರೆಗಳನ್ನು ವರ್ಷಾನುಗಟ್ಟಲೆ ಸರಿಸದೆ ಬಿಡುವುದೇ ಸದ್ದಿಲ್ಲದ ಕಡಿತ. ಕನಿಷ್ಠ ವೇತನ ಏರುತ್ತದೆ, ಬಾಡಿಗೆ ಏರುತ್ತದೆ, ಗೆರೆ ಕದಲುವುದಿಲ್ಲ. ವರ್ಷ ಕಳೆದಂತೆ ಒಂದಷ್ಟು ಜನ ತಾವಾಗಿಯೇ ಪಟ್ಟಿಯಿಂದ ಉದುರಿ ಹೋಗುತ್ತಾರೆ. ಯಾರೂ ಆದೇಶ ಹೊರಡಿಸಬೇಕಿಲ್ಲ, ಯಾರೂ ಬೈಸಿಕೊಳ್ಳಬೇಕಿಲ್ಲ.

ಇದರ ಅತಿ ಕೆಟ್ಟ ಉದಾಹರಣೆ ಕೇಂದ್ರದ ವಿಧವಾ ಪಿಂಚಣಿ. 2009ರಲ್ಲಿ ಶುರುವಾದಾಗ 200 ರೂಪಾಯಿ. 2012ರಲ್ಲಿ 300 ಮಾಡಿದರು. ಅದಾದ ಮೇಲೆ ಎಷ್ಟೋ ಬಜೆಟ್‌ಗಳು ಬಂದು ಹೋದವು, 40ರಿಂದ 79 ವರ್ಷದವರಿಗೆ ಕೇಂದ್ರದ ಪಾಲು 300ರಲ್ಲೇ ಕೂತಿತ್ತು. ಇವತ್ತು ಆ ದುಡ್ಡಿಗೆ ಅರ್ಧ ಸಿಲಿಂಡರ್ ಗ್ಯಾಸೂ ಬರುವುದಿಲ್ಲ. ಕರ್ನಾಟಕ 18 ದಾಟಿದ ವಿಧವೆಯರಿಗೆಲ್ಲ ಕೊಡುತ್ತದೆ, 2021ರಲ್ಲಿ ಮೊತ್ತವನ್ನು 600ರಿಂದ 800ಕ್ಕೆ ಏರಿಸಿತು. ಸಂತೋಷ. ಆದರೂ 800 ರೂಪಾಯಿಯಲ್ಲಿ ಯಾವ ಊರಲ್ಲಿ ಮಗು ಸಾಕುತ್ತಾರೆ?

‘ಅದಕ್ಕೇ ಗ್ಯಾರಂಟಿ ಕೊಟ್ಟಿದ್ದೇವಲ್ಲ’ ಅಂತ ಒಂದು ಕಡೆಯವರು, ‘ಗ್ಯಾರಂಟಿಯಿಂದಲೇ ದುಡ್ಡಿಲ್ಲ’ ಅಂತ ಇನ್ನೊಂದು ಕಡೆಯವರು. 2025-26ರ ರಾಜ್ಯ ಬಜೆಟ್‌ನಲ್ಲಿ ಐದು ಗ್ಯಾರಂಟಿಗೆ ಇಟ್ಟದ್ದು 51 ಸಾವಿರ ಕೋಟಿ ಚಿಲ್ಲರೆ. ಇದು ಸಣ್ಣ ಮೊತ್ತ ಅಲ್ಲ. ಬೇರೆ ಕೆಲಸಗಳಿಗೆ ಕೈ ಬಿಗಿಯಾಗಿದೆ ಅನ್ನುವುದೂ ಸುಳ್ಳಲ್ಲ. ಆದರೆ ಗ್ಯಾರಂಟಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳು ಬಸ್ ಚಾರ್ಜಿನ ಲೆಕ್ಕ ಹಾಕದೆ ದೂರದ ಕೆಲಸಕ್ಕೂ ಹೋಗುತ್ತಿರುವುದನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ಬೇರೆ. ಕೈಗೆ ಕೊಡುವ 2,000 ರೂಪಾಯಿ, ಮುಚ್ಚಿ ಹೋದ ಕ್ರೆಶ್‌ಗೆ ಸಮ ಆಗುವುದಿಲ್ಲ. ನಿಮಗೆ ಗೃಹಲಕ್ಷ್ಮಿ ಬಂದರೂ ಮೇಲೆ ಹಾಕಿದ 4,200ರಲ್ಲಿ ಅರ್ಧವೂ ತುಂಬುವುದಿಲ್ಲ. ದುಡ್ಡೂ ಬೇಕು, ಮಗು ಬಿಡಲು ಜಾಗವೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅನ್ನುವುದು ಸರಿಯಲ್ಲ.

ಹಳ್ಳಿಯ ಕಡೆ ರಾಜ್ಯ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು. 2023-24ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಘೋಷಿಸಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರಿಗೆ ಕೂಲಿ ಹೋಗುವ ವ್ಯವಸ್ಥೆ ಮಾಡಿದ್ದು ನರೇಗಾ ಲೆಕ್ಕದಿಂದ. ಜಾಣತನದ ಏರ್ಪಾಡು, ಆದರೆ ಒಂದು ತೊಡಕಿತ್ತು. ನರೇಗಾಕ್ಕೆ 2020-21ರಲ್ಲಿ 1.11 ಲಕ್ಷ ಕೋಟಿ ಖರ್ಚಾಗಿತ್ತು, 2023-24ರ ಬಜೆಟ್‌ನಲ್ಲಿ ಇಟ್ಟದ್ದು 60 ಸಾವಿರ ಕೋಟಿ. ದೆಹಲಿಯಲ್ಲಿ ನರೇಗಾ ಹಣ ತಡವಾದರೆ ಊರಿನ ಕೂಸಿನ ಮನೆಯಲ್ಲಿ ಕೂಲಿ ತಡವಾಗುತ್ತಿತ್ತು. ಮೂರು ತಿಂಗಳು ಕೂಲಿ ಬಾರದಿದ್ದರೆ ನೋಡಿಕೊಳ್ಳುವವಳು ಬೇರೆ ಕೆಲಸಕ್ಕೆ ಹೋಗುತ್ತಾಳೆ, ಮಗು ಮತ್ತೆ ಅಮ್ಮನ ಜೊತೆ ಹೊಲದ ಬದುವಿಗೆ.

ಹಣ ತಡವಾಗುವುದನ್ನು ‘ತಡ’ ಅಂತಷ್ಟೇ ನೋಡಬೇಡಿ. ಒಬ್ಬರೇ ದುಡಿಯುವ ಮನೆಯಲ್ಲಿ ತಡ ಅಂದರೆ ಸಾಲ. ಎರಡು ಕಂತು ಬರಲಿಲ್ಲ ಅಂದರೆ ಸಂಘದಲ್ಲೋ ಫೈನಾನ್ಸಿನಲ್ಲೋ ತೆಗೆಯುತ್ತೀರಿ, ಕಂತು ಬಂದ ದಿನ ಅದು ಬಡ್ಡಿಗೇ ಹೋಗುತ್ತದೆ. 2025ರ ಫೆಬ್ರವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದು ಸಾಲ ಕೊಟ್ಟವರ ದೌರ್ಜನ್ಯಕ್ಕೆ ಮದ್ದು. ಸಾಲ ಯಾಕೆ ಬೇಕಾಯಿತು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಹಾಗೇ ನೆನಪಾಯಿತು: 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗೆ ಇಳಿದರು, ಕೇಂದ್ರ ಹಿಂದೆ ಸರಿಯಿತು. ಪಿಎಫ್ ಮೇಲೆ ಅಷ್ಟು ಸಿಟ್ಟು ಯಾಕೆ ಅಂತ ಇಂಗ್ಲಿಷ್ ಟಿವಿಯವರಿಗೆ ಅರ್ಥವಾಗಿರಲಿಲ್ಲ. ಗಂಡನ ಸಂಬಳ ಇಲ್ಲದ ಮನೆಗೆ ಪಿಎಫ್ಫೇ ಇರುವ ಒಂದು ಗಂಟು.

ಒಬ್ಬಂಟಿ ಅಪ್ಪಂದಿರ ಬಗ್ಗೆ ಎರಡು ಮಾತು. ಹೆಂಡತಿ ತೀರಿಕೊಂಡ ಆಟೋ ಡ್ರೈವರಿಗೆ ನಮ್ಮ ರಾಜ್ಯದಲ್ಲಿ ವಿಧುರ ವೇತನ ಅಂತ ಏನೂ ಇಲ್ಲ. ಗೃಹಲಕ್ಷ್ಮಿಯಂತೂ ಹೆಸರಲ್ಲೇ ಇದೆ. ಸರ್ಕಾರಿ ನೌಕರನಾಗಿದ್ದರೆ ಒಂಟಿ ಅಪ್ಪನಿಗೂ 180 ದಿನ ಶಿಶುಪಾಲನಾ ರಜೆ ಉಂಟು. ಗುತ್ತಿಗೆಯವರಿಗೆ, ನಿಮ್ಮಂಥ ಖಾಸಗಿಯವರಿಗೆ ಅದೂ ಇಲ್ಲ. ನಿಮಗೆ ಇಎಸ್‌ಐ ಇದೆ, ಮಗನಿಗೆ ಜ್ವರ ಬಂದರೆ ಔಷಧಿ ಸಿಗುತ್ತದೆ. ಆದರೆ ಕಾಯಿಲೆ ರಜೆಯ ಭತ್ಯೆ ಸಿಗುವುದು ನಿಮಗೆ ಜ್ವರ ಬಂದರೆ ಮಾತ್ರ. ಮಗನ ಜ್ವರಕ್ಕೆ ಹಾಕಿದ ರಜೆ ನಿಮ್ಮ ಜೇಬಿನದೇ.

ಇಷ್ಟೆಲ್ಲ ಹೇಳಿ ಸುಮ್ನೆ ಕೈ ಬಿಡುವುದಿಲ್ಲ. ನಿಮ್ಮ ಕೈಯಲ್ಲಿ ಆಗುವುದು ಕೆಲವಿವೆ.

ಮೊದಲನೆಯದು ರೇಷನ್ ಕಾರ್ಡ್. ಗೃಹಲಕ್ಷ್ಮಿಗೆ ಬಿಪಿಎಲ್ ಕಾರ್ಡೇ ಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಎಪಿಎಲ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿದ್ದರೂ ಬರುತ್ತದೆ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆ ಆಗಿರಬಾರದು, ಅಷ್ಟೇ. ಹಾಗಾಗಿ 1.20 ಲಕ್ಷದ ಗೆರೆ ನೋಡಿ ಹಿಂದೆ ಸರಿಯಬೇಡಿ. ಅತ್ತೆಯ ಕಾರ್ಡಿನಿಂದ ನಿಮ್ಮ ಮತ್ತು ಮಕ್ಕಳ ಹೆಸರು ತೆಗೆಸಬೇಕು, ಆಧಾರ್ ವಿಳಾಸವನ್ನು ಈಗಿನ ಮನೆಗೆ ಬದಲಿಸಬೇಕು, ಆಮೇಲೆ ಹೊಸ ಕಾರ್ಡಿಗೆ ಅರ್ಜಿ. ಬೆಂಗಳೂರು ಒನ್‌ನಲ್ಲಿ ವಿಚಾರಿಸಿ. ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ಆಗಾಗ ನಿಲ್ಲಿಸುತ್ತಾರೆ, ಆಗಾಗ ಕೆಲವೇ ದಿನ ತೆರೆಯುತ್ತಾರೆ. ಹೊಸ ಅರ್ಜಿಗೆ ಬಾಗಿಲು ಮುಚ್ಚುವ ಕಡಿತ ಅಂತ ಮೊದಲೇ ಹೇಳಿದೆನಲ್ಲ, ಅದು ಇದೇ. ಕಾಗದ ಎಲ್ಲ ಮೊದಲೇ ಹೊಂದಿಸಿಕೊಂಡಿದ್ದರೆ ತೆರೆದ ದಿನವೇ ಹಾಕಬಹುದು. ಅತ್ತೆಯ ಹತ್ತಿರ ಮಾತಾಡುವುದು ನಿಮಗೆ ಕಷ್ಟ ಇರಬಹುದು. ನೀವು ಬೇರೆ ಕಾರ್ಡ್ ಮಾಡಿಸಿದ ಮಾತ್ರಕ್ಕೆ ಅವರ 2,000 ನಿಲ್ಲುವುದಿಲ್ಲ, ಅವರು ಅವರ ಕಾರ್ಡಿನ ಯಜಮಾನಿಯಾಗಿಯೇ ಇರುತ್ತಾರೆ. ಇದನ್ನು ಮೊದಲೇ ಹೇಳಿದರೆ ಮಾತು ಸಲೀಸಾದೀತು.

ಎರಡನೆಯದು ಜೀವನಾಂಶ. ಡೈವೋರ್ಸ್ ಬೇಕಿಲ್ಲ. ಗಂಡ ಬಿಟ್ಟು ಹೋಗಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ ನಿಮಗೂ ಮಕ್ಕಳಿಗೂ ಕೇಳಬಹುದು, ಹಿಂದೆ ಇದನ್ನು 125 ಅನ್ನುತ್ತಿದ್ದರು. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ ಕೇಳಬಹುದು. ಕೋರ್ಟಿನ ಆದೇಶ ಕೈಯಲ್ಲಿದ್ದರೆ ಇನ್ನೊಂದು ಉಪಯೋಗ ಇದೆ, ‘ಗಂಡ ಬಿಟ್ಟಿದ್ದಾನೆ’ ಅನ್ನುವುದಕ್ಕೆ ಒಂದು ಕಾಗದ ಸಿಕ್ಕ ಹಾಗಾಗುತ್ತದೆ. ಒಮ್ಮೆ ಒಂದು ಕಚೇರಿಯಲ್ಲಿ ನಿಮ್ಮಂಥ ಒಬ್ಬ ಹೆಣ್ಣುಮಗಳ ಜೊತೆ ಕೂತಿದ್ದೆ. ಗುಮಾಸ್ತರು ಗಂಡನ ಮರಣ ಪ್ರಮಾಣಪತ್ರ ತನ್ನಿ ಅಂದರು. ಬದುಕಿದ್ದಾನೆ ಸಾರ್ ಅಂದಳು. ಹಾಗಾದರೆ ಡೈವೋರ್ಸ್ ಕಾಪಿ ತನ್ನಿ ಅಂದರು. ಅವನು ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲ ಸಾರ್ ಅಂದಳು. ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ ಮುಂದಿನವರನ್ನು ಕರೆದರು.

ಮೂರನೆಯದು ಪಾಲನಾ ಕೇಂದ್ರ. ಹಳೆಯ ಕ್ರೆಶ್ ಯೋಜನೆಯನ್ನು 2022ರಲ್ಲಿ ಮಿಷನ್ ಶಕ್ತಿಯೊಳಗೆ ‘ಪಾಲ್ನಾ’ ಅಂತ ಮಾಡಿ, ಅಂಗನವಾಡಿಯಲ್ಲೇ ಕ್ರೆಶ್ ನಡೆಸುವ ಏರ್ಪಾಡು ತಂದಿದ್ದಾರೆ. ದೇಶದಲ್ಲಿ 17 ಸಾವಿರ ಮಾಡುವ ಗುರಿ. ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ನೋಡಿಕೊಳ್ಳಬೇಕು. ನಿಮ್ಮ ಭಾಗದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಹತ್ತಿರ ಯಾವುದಿದೆ ಅಂತ ಕೇಳಿ. ಬಾಯಲ್ಲಿ ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ: ಎಷ್ಟು ಮಂಜೂರು, ಎಷ್ಟು ನಡೆಯುತ್ತಿವೆ, ಈ ವರ್ಷ ಎಷ್ಟು ಹಣ ಬಿಡುಗಡೆಯಾಯಿತು. ಬಜೆಟ್‌ನಲ್ಲಿ ಇಟ್ಟದ್ದು ಎಷ್ಟು ಅಂತ ಕೇಳಬೇಡಿ, ಬಿಡುಗಡೆ ಆದದ್ದು ಎಷ್ಟು ಅಂತ ಕೇಳಿ. ಇಟ್ಟ ಮೊತ್ತವನ್ನು ಭಾಷಣದಲ್ಲಿ ಓದುತ್ತಾರೆ, ಹಾಲು ಬರುವುದು ಬಿಡುಗಡೆಯಾದ ಹಣದಲ್ಲಿ. ಆದರೆ ಏಳೂವರೆ ಗಂಟೆ ನಿಮಗೆ ಸಾಲುವುದಿಲ್ಲ, ಬಸ್ಸಿನ ಹೊತ್ತೂ ಸೇರಿ ನೀವು ಹತ್ತು ಗಂಟೆ ಹೊರಗಿರುತ್ತೀರಿ. ಯೋಜನೆ ಬರೆದವರು ಗಾರ್ಮೆಂಟ್ಸ್ ಶಿಫ್ಟ್ ನೋಡಿ ಬರೆದಂತೆ ಕಾಣುವುದಿಲ್ಲ.

ಹಾಗಾಗಿ ಕೊನೆಗೆ ಫ್ಯಾಕ್ಟರಿಗೇ ಬರಬೇಕು. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ, ಅದೇ ನನಗೆ ಆಶ್ಚರ್ಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ 30ಕ್ಕಿಂತ ಹೆಚ್ಚು ಹೆಂಗಸರು ಇರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕ್ರೆಶ್ ಇರಬೇಕು ಅಂತಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ 50 ಮತ್ತು ಹೆಚ್ಚು ನೌಕರರಿರುವ ಕಡೆ ಕಡ್ಡಾಯ ಮಾಡಿದರು, ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಲು ಬಿಡಬೇಕು ಅಂತಲೂ ಸೇರಿಸಿದರು. ಹೊಸ ಕಾರ್ಮಿಕ ಸಂಹಿತೆಯಲ್ಲೂ 50ರ ಲೆಕ್ಕವೇ ಇದೆ. ಇದಕ್ಕೆ ಸರ್ಕಾರದ ಒಂದು ರೂಪಾಯಿಯೂ ಬೇಕಿಲ್ಲ, ಮಾಲೀಕರ ಖರ್ಚು. ಸರ್ಕಾರ ಮಾಡಬೇಕಾದದ್ದು ತಪಾಸಣೆ. ಇನ್‌ಸ್ಪೆಕ್ಟರ್ ಹುದ್ದೆ ತುಂಬದೆ ಬಿಟ್ಟರೆ ಅದೂ ಒಂದು ಕಡಿತವೇ. ಆಗ ಏನಾಗುತ್ತದೆ ಅಂದರೆ ಗೇಟಿನ ಹತ್ತಿರ ‘ಶಿಶುವಿಹಾರ’ ಅಂತ ಬೋರ್ಡ್ ಇರುತ್ತದೆ, ಒಳಗೆ ಬಟ್ಟೆ ರಾಶಿ ಇರುತ್ತದೆ. ಬಯರ್ (ಬಟ್ಟೆ ಕೊಳ್ಳುವ ಕಂಪನಿ) ಕಡೆಯವರು ಬರುವ ದಿನ ಎರಡು ತೊಟ್ಟಿಲು, ಒಂದು ಬಾಡಿಗೆ ಮಗು.

ದೂರು ಕೊಡುವುದಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಕೊಡಬೇಕು. ಒಬ್ಬರೇ ಹೋಗಬೇಡಿ, ಸೂಪರ್‌ವೈಸರ್ ಕಣ್ಣಿಗೆ ಬೀಳುವುದು ಬೇಡ. ಯೂನಿಯನ್ ಇದ್ದರೆ ಅವರ ಹೆಸರಲ್ಲಿ, ಇಲ್ಲದಿದ್ದರೆ ಸಣ್ಣ ಮಕ್ಕಳಿರುವ ಹತ್ತು ಹದಿನೈದು ಜನ ಸೇರಿ ಸಹಿ ಹಾಕಿ. ಅದಕ್ಕೂ ಮೊದಲು ನನಗೆ ಮೂರು ವಿಷಯ ಬರೆದು ಕಳಿಸಿ. ನಿಮ್ಮ ಫ್ಯಾಕ್ಟರಿಯಲ್ಲಿ ಒಟ್ಟು ಎಷ್ಟು ಜನ ಇದ್ದೀರಿ, ಕ್ರೆಶ್ ರೂಮು ಇದೆಯಾ, ಇದ್ದರೆ ಯಾವ ವಯಸ್ಸಿನ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಅರ್ಜಿಯ ಕರಡು ನಾನು ಮಾಡಿಕೊಡುತ್ತೇನೆ.